ಧೂಪದ ಮರದಿಂದ ಎಡಕ್ಕೆ

ಪೋಸ್ಟಿನ ಕೆಲಸ ಸಿಕ್ಕಿ ನಶೀದಾ ಬೆದ್ರಮಜಲಿಗೆ ಬಂದಾಗ ರಬ್ಬರ್ ಮರಗಳು ಎಲೆ ಉದುರಿಸುತ್ತಿದ್ದವು. ಬೆಳಿಗ್ಗೆ ಹೊತ್ತೇರಿದರೂ ಮಂಜು ಬಿಡುತ್ತಿರಲಿಲ್ಲ. ಕಾಣಿಯೂರಿನಿಂದ ಒಳಗೆ ತಿರುಗಿದ ಡಾಮರು ರಸ್ತೆ ಒಂದಷ್ಟು ದೂರ ಬಂದು, ಆಮೇಲೆ ಮನಸ್ಸಿಲ್ಲದವರ ಹಾಗೆ ಮಣ್ಣಾಗಿ, ಮಣ್ಣು ಕಾಲುದಾರಿಯಾಗಿ, ಕಾಲುದಾರಿ ಎಲೆಗಳ ಅಡಿಗೆ ಇಳಿದು ಮಾಯವಾಗುತ್ತಿತ್ತು. ಆ ಮಾಯವಾದ ದಾರಿಗಳಲ್ಲೇ ಅವಳು ಕಾಗದ ಹಂಚಬೇಕಿತ್ತು.

ಅವಳು ಪುತ್ತೂರು ಪೇಟೆಯ ಹುಡುಗಿ. ಉಪ್ಪ ಮೊಯ್ದಿನಬ್ಬರದು ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಅಂಗಡಿ. ಮಗಳಿಗೆ ಸರಕಾರಿ ಕೆಲಸ ಸಿಕ್ಕಿದ ಖುಷಿಗೆ ಅವರು ಅಂಗಡಿಯ ಕಪಾಟಿನಲ್ಲಿದ್ದ ಅತ್ಯಂತ ಮೆತ್ತನೆಯ ಶೂ ತೆಗೆದುಕೊಟ್ಟಿದ್ದರು. "ನಡೆಯಲಿಕ್ಕೆ ಆಗದಿದ್ರೆ ಹಿಂದೆ ಬಾ. ನಾಚಿಕೆ ಎಂತದ್ದೂ ಇಲ್ಲ" ಎಂದೂ ಹೇಳಿದ್ದರು. ಕಾಣಿಯೂರಿನಲ್ಲಿ ಅವಳ ಉಮ್ಮನ ತಂಗಿ ಸಫಿಯಾ ಇದ್ದಳು. ನಶೀದಾ ಆ ಚಿಕ್ಕಮ್ಮನ ಮನೆಯಲ್ಲಿ ಉಳಿದು ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಡುತ್ತಿದ್ದಳು.

ಅಂಚೆ ಕಚೇರಿ ಎಂದರೆ ಹಾಲಿನ ಸೊಸೈಟಿಯ ಪಕ್ಕದ ಒಂದೇ ಒಂದು ಕೋಣೆ. ಪೋಸ್ಟ್ ಮಾಸ್ಟರ್ ಶೈಲೇಶ್ ಕಡಬದವನು, ಅವನೂ ಹೊಸಬನೇ. ಅವನಿಗೆ ಕೌಂಟರು ಗೊತ್ತು, ದಾರಿ ಗೊತ್ತಿಲ್ಲ. ಹಿಂದೆ ಇದ್ದ ಪೋಸ್ಟ್‌ಮ್ಯಾನ್ ವರ್ಗವಾಗಿ ಹೋಗಿಯಾಗಿತ್ತು. ಕೈಹಿಡಿದು ಮನೆ ತೋರಿಸುವವರು ಯಾರೂ ಇರಲಿಲ್ಲ.

ಮೊದಲ ವಾರ ಅವಳು ಸ್ಕೂಟರಿನಿಂದ ಬಿದ್ದಳು. ಜಲ್ಲಿ ಹರಡಿದ್ದ ತಿರುವಿನಲ್ಲಿ ಗಾಡಿ ಒಂದು ಕಡೆ, ಚೀಲ ಇನ್ನೊಂದು ಕಡೆ. ಮೊಣಕೈಯ ರಕ್ತ ನೋಡುವ ಮೊದಲು ಕವರುಗಳನ್ನು ಹೆಕ್ಕಿದಳು. ಎದುರಿನ ಹೊಲಿಗೆಯಂಗಡಿಯ ಹೆಂಗಸು ಬಂದು ಕೈಗೆ ಬಟ್ಟೆ ಕಟ್ಟಿದರು. ಎರಡನೇ ವಾರ ನಾಯಿಗಳು. ಇಲ್ಲಿಯ ಮನೆಗಳಿಗೆ ನಂಬರು ಇಲ್ಲ, ಮುಂಡೋಳಿ, ಪೆರಿಯಡ್ಕ ಅಂತ ಹೆಸರು ಮಾತ್ರ. ಆ ಹೆಸರು ಗೋಡೆಯ ಮೇಲೆ ಇಲ್ಲ, ಊರವರ ಬಾಯಲ್ಲಿ ಮಾತ್ರ. ಬಾಯಿ ಇರುವವರು ಬೆಳಿಗ್ಗೆ ತೋಟದಲ್ಲಿ. ಅಂಗಳಕ್ಕೆ ಕಾಲಿಟ್ಟರೆ ಎದುರು ಬರುವುದು ನಾಯಿ. ಕೈಯಲ್ಲಿದ್ದ ಮೊಬೈಲಿನಲ್ಲಿ ಕೊಟ್ಟದ್ದನ್ನು ದಾಖಲು ಮಾಡಬೇಕೆಂದರೆ ರೇಂಜ್ ಇಲ್ಲ. ಶಾಲೆಯ ಹಿಂದಿನ ಪಾದೆಕಲ್ಲು ಹತ್ತಿ, ಕೈ ಮೇಲೆತ್ತಿ, ಆಕಾಶಕ್ಕೆ ಏನೋ ಬೇಡುವವಳ ಹಾಗೆ ನಿಲ್ಲಬೇಕು.

ಸಂಜೆಗೆ ಚೀಲ ಖಾಲಿಯಾಗುತ್ತಿರಲಿಲ್ಲ. ಉಳಿದ ಕಾಗದಗಳ ಭಾರ ಹೆಗಲಿನಿಂದ ಇಳಿದು ನಿದ್ದೆಯೊಳಗೆ ಸೇರುತ್ತಿತ್ತು. ಕನಸಿನಲ್ಲೂ ಅವಳು ನಡೆಯುತ್ತಿದ್ದಳು. ಮನೆಗಳು ಮಂಜಿನಲ್ಲಿ ತೇಲುತ್ತ ಹತ್ತಿರ ಬರುತ್ತಿದ್ದವು, ಇವಳು ಕೈಚಾಚಿದೊಡನೆ ಮೆಲ್ಲಗೆ ಹಿಂದೆ ಸರಿಯುತ್ತಿದ್ದವು.

"ರಾತ್ರಿಯಿಡೀ ಮುಂಡೋಳಿ, ಪೆರಿಯಡ್ಕ ಅಂತ ಹೇಳ್ತಾ ಇದ್ದಿ. ಜಪ ಮಾಡುದಾ?" ಎಂದು ಚಿಕ್ಕಮ್ಮ ಚಾ ಕೊಡುತ್ತ ನಕ್ಕಳು. ನಶೀದಾಳಿಗೆ ನಗು ಬರಲಿಲ್ಲ. ಉಪ್ಪನಿಗೆ ಫೋನ್ ಮಾಡಿ ಬರುತ್ತೇನೆ ಎಂದು ಹೇಳಿಬಿಡೋಣವೆಂದು ಎರಡು ಸಲ ಮೊಬೈಲ್ ಎತ್ತಿಕೊಂಡಿದ್ದಳು.

ಶೈಲೇಶ್ ಅವಳ ಮುಖ ನೋಡಿ ಒಂದು ದಿನ ಹೇಳಿದ. "ಒಮ್ಮೆ ಜತ್ತಪ್ಪಜ್ಜನ ಹತ್ರ ಹೋಗಿ ಕೇಳಿ ನಶೀದಾ. ಹಿಂದೆ ಇಲ್ಲಿ ಪೋಸ್ಟ್ ಹಂಚ್ತಾ ಇದ್ದದ್ದು ಅವರೇ. ಇಡೀ ಊರು ಅವರ ತಲೆಯೊಳಗೆ ಉಂಟು."

ಜತ್ತಪ್ಪ ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಕಣ್ಣು ಮಬ್ಬಾಗಿ ಈಚೆಗೆ ಜಗಲಿ ಬಿಟ್ಟು ಇಳಿಯುತ್ತಿರಲಿಲ್ಲ. ನಶೀದಾಳ ಹೆಜ್ಜೆಯ ಸದ್ದಿಗೆ ತಲೆಯೆತ್ತಿ, "ಪೋಸ್ಟಿನವಳಾ? ಚೀಲ ಎಡ ಹೆಗಲಿಗೆ ಹಾಕಿದ್ದಿ. ಬಲಕ್ಕೆ ಹಾಕು. ಇಳಿಯುವಾಗ ಜಾರುದಿಲ್ಲ" ಎಂದರು.

"ಅಜ್ಜ, ನನಗೆ ಮನೆಗಳೇ ಸಿಗುದಿಲ್ಲ" ಎಂದಳು ಅವಳು, ಚೀಲವನ್ನು ಬಲ ಹೆಗಲಿಗೆ ಬದಲಿಸುತ್ತ.

ಅಜ್ಜ ಗೋಡೆಗೆ ಒರಗಿದರು. ಕಣ್ಣು ಮುಚ್ಚಿಕೊಂಡು ನಡೆಯತೊಡಗಿದರು, ಕೂತಲ್ಲೇ. "ಇಲ್ಲಿಂದ ಇಳಿ. ಧೂಪದ ಮರ ಸಿಗ್ತದೆ, ಅಲ್ಲಿಂದ ಎಡಕ್ಕೆ. ಅಲಿ ಕುಂಞಿಯ ಗೂಡಂಗಡಿ ದಾಟು. ಆಮೇಲೆ ತೋಡಿಗೆ ಅಡ್ಡ ಹಾಕಿದ ಕಂಗಿನ ಸಂಕ. ಸಂಕದ ಮೇಲೆ ನಿಂತರೆ ಪುನರ್ಪುಳಿ ಹಣ್ಣಿನ ವಾಸನೆ ಬರ್ತದೆ. ವಾಸನೆ ಹಿಡಿದುಕೊಂಡು ಹತ್ತು, ಅದೇ ಮುಂಡೋಳಿ." ಅವರ ಧ್ವನಿ ಇಳಿಜಾರಿನಲ್ಲಿ ನಿಧಾನವಾಗುತ್ತಿತ್ತು, ಏರಿನಲ್ಲಿ ಉಸಿರು ತೆಗೆದುಕೊಳ್ಳುತ್ತಿತ್ತು. ಕೇಳುತ್ತ ಕೇಳುತ್ತ ನಶೀದಾಳ ಕಣ್ಣುಗಳೂ ಮುಚ್ಚಿದವು.

ಮರುದಿನ ಅವಳು ಇಳಿದಳು. ಧೂಪದ ಮರ ಇರಲಿಲ್ಲ. ಗೂಡಂಗಡಿ ಇರಲಿಲ್ಲ. ಅಡಿಕೆ ಮರದ ಸಂಕದ ಜಾಗದಲ್ಲಿ ಸಿಮೆಂಟಿನ ಮೋರಿ ಇತ್ತು. ಅಳು ಬರುವ ಹಾಗಾಯಿತು. ತೋಟದಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬರನ್ನು ನಿಲ್ಲಿಸಿ, "ಇಲ್ಲಿ ಧೂಪದ ಮರ ಎಲ್ಲಿ?" ಎಂದು ಕೇಳಿದಳು.

ಆ ಮನುಷ್ಯ ಹೊರೆ ಇಳಿಸಿಯೇಬಿಟ್ಟ. "ಧೂಪದ ಮರವಾ? ಅದು ಬಿದ್ದು ಎಷ್ಟು ಕಾಲ ಆಯ್ತು ಮಾರಾಯ್ತಿ! ನಾವು ಸಣ್ಣದಿರುವಾಗ ಅದರ ಅಂಟು ತೆಗೆದು ಕೆಂಡಕ್ಕೆ ಹಾಕ್ತಿದ್ದೆವು. ಮನೆಯಿಡೀ ಪರಿಮಳ." ಅವನು ಬರಿದಾದ ಗಾಳಿಯ ಕಡೆ ಕೈ ಮಾಡಿ ತೋರಿಸಿದ. "ಇಲ್ಲಿಯೇ ಇದ್ದದ್ದು, ಈ ಕರೆಂಟ್ ಕಂಬದ ಹತ್ರ." ಮುಂಡೋಳಿಯ ಅಂಗಳದವರೆಗೂ ಅವನೇ ಜೊತೆಗೆ ಬಂದ. ದಾರಿಯುದ್ದಕ್ಕೂ ನಾಯಿಗಳನ್ನು ಹೆಸರು ಹಿಡಿದು ಗದರಿಸಿದ. ಅವು ಬಾಲ ಆಡಿಸಿದವು.

ಅಂದಿನಿಂದ ಅವಳು ಮನೆಗಳನ್ನು ಕೇಳುವುದನ್ನು ಬಿಟ್ಟು ಇಲ್ಲದ್ದನ್ನು ಕೇಳುತ್ತ ಹೋದಳು. ಗೂಡಂಗಡಿ ಎಲ್ಲಿತ್ತು? ಸಂಕ ಯಾವ ಕಡೆಗೆ? ಮನೆ ಕೇಳಿದರೆ ಬೆರಳು ತೋರಿಸಿ ಸುಮ್ಮನಾಗುತ್ತಿದ್ದವರು ಈಗ ಬೇಲಿಯ ತಡಮೆ ದಾಟಿ ಹೊರಗೆ ಬಂದು ಮಾತಾಡಿದರು. ಹೀಗೆ ಅವಳ ಕಾಲಡಿಯಲ್ಲಿ ಎರಡು ಬೆದ್ರಮಜಲುಗಳು ಒಂದರ ಮೇಲೊಂದು ಹಾಸಿಕೊಂಡವು. ಮಂಜಿನಲ್ಲಿ ನಡೆಯುವಾಗ ಯಾವುದು ಈಗಿನದು, ಯಾವುದು ಆಗಿನದು ಎಂದು ಗೊತ್ತಾಗುತ್ತಿರಲಿಲ್ಲ. ಮರವೇ ಇಲ್ಲದ ಜಾಗದಲ್ಲಿ ಪುನರ್ಪುಳಿಯ ಹುಳಿ ವಾಸನೆ ಮೂಗಿಗೆ ತಾಗಿದಂತಾಗಿ ಅವಳು ಒಂದು ಗಳಿಗೆ ನಿಲ್ಲುವುದಿತ್ತು. ಚೀಲ ದಿನದಿಂದ ದಿನಕ್ಕೆ ಬೇಗ ಹಗುರಾಯಿತು.

ಒಂದು ಕವರು ಮಾತ್ರ ಉಳಿಯಿತು. ಪಾಸ್‌ಪೋರ್ಟ್ ಬರುವ ಸ್ಪೀಡ್ ಪೋಸ್ಟ್ ಕವರು. ಫಾತಿಮತ್ ಝುಹ್ರಾ, ಕಲ್ಲಮಜಲು ಮನೆ. ಹೆಸರಿನವರ ಕೈಗೇ ಕೊಡಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ. ಕವರಿನ ಮೇಲಿದ್ದ ನಂಬರಿಗೆ ಹಚ್ಚಿದರೆ ಯಾವ ಹೊತ್ತಿಗೂ ರೇಂಜಿನ ಹೊರಗೆ. ಆ ಹೆಸರಿನವರನ್ನು ಬಲ್ಲವರು ಯಾರೂ ಇರಲಿಲ್ಲ. "ಇನ್ನು ಇಟ್ಟುಕೊಳ್ಳಲಿಕ್ಕೆ ಆಗುದಿಲ್ಲ, ನಾಳೆಗೆ ವಾಪಸ್ ಕಳಿಸಬೇಕು" ಎಂದ ಶೈಲೇಶ್, ಅವನಿಗೂ ಬೇಸರವೇ.

ಜತ್ತಪ್ಪಜ್ಜ ಮನೆಯ ಹೆಸರು ಕೇಳಿದೊಡನೆ ಮುಖ ಅರಳಿಸಿದರು. "ಕಲ್ಲಮಜಲಾ! ಬ್ಯಾರಿಗಳ ಮನೆ. ತೋಡು ದಾಟಿ ಮೇಲೆ ಹೋಗು. ಬಂಡೆಯ ಅಡಿಯಲ್ಲಿ ನೀರು ಮಾತಾಡುದು ಕೇಳ್ತದೆ. ಅಲ್ಲಿಂದ ನೀರನ್ನು ಬೆನ್ನಿಗೆ ಹಾಕಿ ನೇರ ನಡಿ."

ಮರುದಿನ ಅವಳು ಬೇಗನೆ ಹೊರಟಳು. ತೋಡಿನ ಸಣ್ಣ ಹರಿವು ದಾಟಿದಳು. ಬಂಡೆಯ ಅಡಿಯಲ್ಲಿ ನೀರು ನಿಜವಾಗಿಯೂ ಮಾತಾಡುತ್ತಿತ್ತು, ಮುಸುಕಿನೊಳಗೆ ಪಿಸುಗುಟ್ಟುವ ಹುಡುಗಿಯರ ಹಾಗೆ. ನೀರನ್ನು ಬೆನ್ನಿಗೆ ಹಾಕಿ ನಡೆದರೆ ಎದುರಿಗೆ ರಬ್ಬರ್ ತೋಟ. ಸಾಲಿನ ಹಿಂದೆ ಸಾಲು, ಎಲ್ಲ ಮರಗಳೂ ಒಂದೇ ಮುಖದವು. ಎಲೆ ಉದುರುವ ಕಾಲವಾದ್ದರಿಂದ ಹಾಲು ತೆಗೆಯುವ ಕೆಲಸ ನಿಂತಿತ್ತು. ಬಟ್ಟಲುಗಳು ಕವುಚಿ ಮಲಗಿದ್ದವು. ನೆಲ ಕಾಣದಷ್ಟು ಕೆಂಪು ತರಗೆಲೆ. ಮೇಲಿನಿಂದ ಇನ್ನೂ ಬೀಳುತ್ತಲೇ ಇತ್ತು, ಒಂದೊಂದಾಗಿ, ಅವಸರವಿಲ್ಲದೆ. ಸಾಲಿನ ಕೊನೆಯಲ್ಲಿ ಮಂಜು, ಮಂಜಿನ ಆಚೆ ಇನ್ನೊಂದು ಸಾಲು.

ಎಷ್ಟು ನಡೆದಳೋ. ತಿರುಗಿ ನೋಡಿದರೆ ಬಂದ ದಾರಿಯ ಮೇಲೂ ಎಲೆ ಬಿದ್ದಿತ್ತು. ನೀರಿನ ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳಿತು, ಆಮೇಲೆ ಎಲ್ಲಿಂದಲೂ ಬರಲಿಲ್ಲ. ತನ್ನ ಕನಸಿನೊಳಗೇ ಬಂದುಬಿಟ್ಟೆನೇ ಎಂದು ಅವಳಿಗೆ ಅನುಮಾನವಾಯಿತು. ಎತ್ತರವಾದ ಏನೋ ಕಾಲಿಗೆ ತಾಗಿತು. ಎಲೆ ಮುಚ್ಚಿದ ದಿಬ್ಬ. ಅದರ ಮೇಲೆ ಕೂತು, ಚೀಲ ಮಡಿಲಲ್ಲಿಟ್ಟುಕೊಂಡು, ಮೂರು ವಾರಗಳಿಂದ ಒತ್ತಿಟ್ಟಿದ್ದ ಅಳುವನ್ನು ಅತ್ತಳು. ಅತ್ತು ಮುಗಿದ ಮೇಲೂ ಏಳಲಿಲ್ಲ. ಇಲ್ಲೇ ಕೂತರೆ ಎಲೆ ನನ್ನನ್ನೂ ಮುಚ್ಚುತ್ತದೆ, ಅದೂ ಒಳ್ಳೆಯದೇ ಎನ್ನಿಸಿತು.

ಚರ್ ಚರ್ ಎಂದು ಎಲೆ ಎಳೆಯುವ ಸದ್ದು. ಮಂಜಿನಿಂದ ಒಬ್ಬ ಹೆಂಗಸು ಹೊರಬಂದಳು, ಬೆನ್ನ ಮೇಲೆ ಬುಟ್ಟಿ, ಕೈಯಲ್ಲಿ ಕೋಲು. ದನದ ಹಟ್ಟಿಗೆ ಹಾಸಲು ತರಗೆಲೆ ಗುಡಿಸಲು ಬಂದವಳು.

"ಯಾರದು? ಎಂತ, ಇಲ್ಲಿ ಕೂತು ಅಳುದಾ?" ಎಂದಳು ಅವಳು, ಹೆದರಿಕೆಯೂ ಕನಿಕರವೂ ಬೆರೆತ ಧ್ವನಿಯಲ್ಲಿ.

"ನಾನು ಪೋಸ್ಟಿನವಳು ಅಕ್ಕ. ಕಲ್ಲಮಜಲು ಮನೆ ಹುಡುಕ್ತಾ ಇದ್ದೇನೆ."

ಹೆಂಗಸು ಬುಟ್ಟಿ ಇಳಿಸಿದಳು. ತನ್ನ ಹೆಸರು ದೇವಮ್ಮ, ತೋಟದ ಆಚೆ ಬದಿಯ ಮನೆ ತನ್ನದು ಎಂದಳು. ಆಮೇಲೆ ನಶೀದಾಳನ್ನು ದಿಟ್ಟಿಸಿ ನೋಡಿ, "ನೀನು ಕೂತದ್ದು ಅದರ ಜಗಲಿಯ ಮೇಲೆಯೇ ಅಲ್ವಾ ಮಗಳೇ" ಎಂದಳು.

ದೇವಮ್ಮ ಕೋಲಿನಿಂದ ಎಲೆ ಸರಿಸಿದಳು. ಅಡಿಯಲ್ಲಿ ಕಪ್ಪು ಗಾರೆ, ಅಂಚು ಸವೆದ ಮೆಟ್ಟಿಲು. ಆಚೆ ಬಾವಿಯ ಕಟ್ಟೆ, ಅದರ ಮೇಲೂ ಎಲೆ. ಬಾವಿಯ ಹತ್ತಿರ ಒಂದು ದಾಸವಾಳ, ಯಾರೂ ನೀರು ಹಾಕದಿದ್ದರೂ ಎರಡು ಹೂ ಬಿಟ್ಟು ನಿಂತಿತ್ತು. ಅಷ್ಟು ಹೊತ್ತು ತಾನು ಒಂದು ಮನೆಯೊಳಗೆ ಕೂತಿದ್ದೆ ಎಂದು ತಿಳಿದು ನಶೀದಾಳ ಮೈ ನವಿರೆದ್ದಿತು.

"ಈ ಮನೆಯ ಬ್ಯಾರಿ ತೀರಿಹೋದ ಮೇಲೆ ಗಂಡುಮಕ್ಕಳು ಪಾಲು ಮಾಡಿದ್ರು. ಜಾಗ ಮಾರಿಹೋಯ್ತು, ತಗೊಂಡವರು ಮನೆ ಕಿತ್ತು ರಬ್ಬರ್ ಹಾಕಿದ್ರು" ಎಂದಳು ದೇವಮ್ಮ. "ಒಬ್ಬಳು ಹೆಣ್ಣುಮಗಳು ಇದ್ದಾಳೆ, ಮೇಲೆ ರಸ್ತೆಯ ತಿರುವಿನಲ್ಲಿ. ಬಟ್ಟೆ ಹೊಲಿಯುದು. ನಾವೆಲ್ಲ ಪಾತುಮ್ಮ ಅಂತ ಕರೆಯುದು."

ನಶೀದಾ ಎದ್ದು ನಿಂತಳು. ಆ ತಿರುವಿನಲ್ಲಿಯೇ ಅವಳು ಸ್ಕೂಟರಿನಿಂದ ಬಿದ್ದದ್ದು. ಅಂದು ಮೊಣಕೈಗೆ ಅರಿಶಿನ ಒತ್ತಿ, ಹೊಲಿಗೆಯ ತುಂಡು ಬಟ್ಟೆ ಕಟ್ಟಿ ಕಳಿಸಿದವರು ಪಾತುಮ್ಮ. ದಿನಾ ಅವರ ಅಂಗಡಿಯ ಎದುರಿನಿಂದಲೇ ಅವಳು ಕವರು ಹೊತ್ತು ಹೋಗುತ್ತಿದ್ದಳು.

ದೇವಮ್ಮ ತೋರಿಸಿದ ಏರು ಹತ್ತಿ ಅವಳು ಅಂಗಡಿಗೆ ಬಂದಾಗ ಪಾತುಮ್ಮ ಮೆಷಿನ್ ತುಳಿಯುತ್ತಿದ್ದರು. ನಶೀದಾ ಬಾಗಿಲಲ್ಲಿ ನಿಂತು ಅವರ ಪೂರ್ತಿ ಹೆಸರು ಕರೆದಳು. "ಫಾತಿಮತ್ ಝುಹ್ರಾ, ಕಲ್ಲಮಜಲು ಮನೆ."

ಮೆಷಿನ್ ನಿಂತಿತು. ಶಾಲೆಯಲ್ಲಿ ಹಾಜರಿ ಕರೆದಾಗ ಏಳುವ ಹುಡುಗಿಯ ಹಾಗೆ ಆ ಹೆಂಗಸು ಎದ್ದು ನಿಂತರು. ಐವತ್ತು ದಾಟಿದ ಮುಖ ಕೆಂಪಾಯಿತು. ಮಕ್ಕಾಕ್ಕೆ ಉಮ್ರಾ ಯಾತ್ರೆ ಹೋಗಲೆಂದು ಮಾಡಿಸಿದ ಪಾಸ್‌ಪೋರ್ಟ್ ಅದು. ಬರುವುದೇ ಇಲ್ಲವೆಂದು ಆಸೆ ಬಿಟ್ಟು ಕೇಳುವುದನ್ನೂ ನಿಲ್ಲಿಸಿದ್ದರು. ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದರು.

"ಅಡ್ರೆಸ್ಸಿಗೆ ಆ ಮನೆ ಹೆಸರು ಯಾಕೆ ಕೊಟ್ಟದ್ದು ಮಾಮಿ? ನಾನು ಕೆಳಗೆ ಹೋಗಿ ಅಲ್ಲಿಯ ಜಗಲಿಯಲ್ಲಿ ಕೂತು ಬಂದೆ" ಎಂದಳು ನಶೀದಾ.

"ಬೇರೆ ಯಾವುದು ಕೊಡುದು? ಇದಕ್ಕೆ ಹೆಸರೇ ಇಲ್ಲ" ಎಂದರು ಅವರು. ಆಮೇಲೆ ದಾರ ಸುತ್ತುತ್ತ, ತಲೆಯೆತ್ತದೆ ಕೇಳಿದರು. "ಜಗಲಿ ಉಂಟಾ ಈಗಲೂ?"

"ಉಂಟು. ಬಾವಿಯೂ ಉಂಟು. ದಾಸವಾಳ ಹೂ ಬಿಟ್ಟಿದೆ."

ಮನೆ ಕೆಡವಿದ ಮೇಲೆ ಅವರು ಕೆಳಗೆ ಕಾಲಿಟ್ಟಿರಲಿಲ್ಲ. ಇಷ್ಟು ಹತ್ತಿರವಿದ್ದೂ.

ಸಂಜೆಗೆ ಮೊದಲು ನಶೀದಾ ಜತ್ತಪ್ಪಜ್ಜನಿಗೆ ಸುದ್ದಿ ಹೇಳಲು ಹೋದಳು. ದಾರಿಯುದ್ದಕ್ಕೂ ಮನಸ್ಸು ಹೊಯ್ದಾಡುತ್ತಿತ್ತು. ಮನೆ ಇಲ್ಲ ಎಂದರೆ ಅಜ್ಜನ ಊರಿನಿಂದ ಒಂದು ಮನೆ ಕಿತ್ತಂತೆ, ಹೇಳದಿದ್ದರೆ ಸುಳ್ಳು. ಕೊನೆಗೆ ಹೇಳಿಯೇಬಿಟ್ಟಳು. ಧೂಪದ ಮರ ಬಿದ್ದದ್ದನ್ನೂ ಹೇಳಿದಳು.

ಅಜ್ಜ ಮೆಲ್ಲಗೆ ನಕ್ಕರು. "ಗೊತ್ತುಂಟು ಮಗಾ. ಕಲ್ಲಮಜಲಿನ ಹಂಚು ಲಾರಿಗೆ ತುಂಬುವಾಗ ನಾನು ಅಲ್ಲೇ ನಿಂತಿದ್ದೆ. ಆದ್ರೆ ಕಣ್ಣು ಮುಚ್ಚಿ ನಡೆಯುವಾಗ ನನಗೆ ಆ ಮನೆಗಳೇ ಬಾಗಿಲು ತೆಗೆಯುದು. ನಾನೆಂತ ಮಾಡುದು?"

ಅವಳು ಅವರ ಪಕ್ಕದಲ್ಲಿ ಕೂತಳು. ಅಂದು ರಾತ್ರಿ ಅವಳ ನಿದ್ದೆಯಲ್ಲಿ ಯಾವ ಮನೆಯೂ ಹಿಂದೆ ಸರಿಯಲಿಲ್ಲ.

ಆ ವಾರ ಕಳೆದು ಒಂದು ಮಧ್ಯಾಹ್ನ ಪಾತುಮ್ಮ ಅಂಗಡಿಗೆ ಬೀಗ ಹಾಕಿ, ಹೊಸ ಸೀರೆಯುಟ್ಟು, ತಲೆ ತುಂಬ ಸೆರಗು ಹೊದ್ದು ರಸ್ತೆಯ ಬದಿಯಲ್ಲಿ ಕಾಯುತ್ತಿದ್ದರು. "ನಿನ್ನ ಕೆಲಸಕ್ಕೆ ತೊಂದರೆ ಇಲ್ಲದಿದ್ರೆ ನನ್ನನ್ನೂ ಕೆಳಗೆ ಕರಕೊಂಡು ಹೋಗು. ಒಬ್ಬಳಿಗೆ ಧೈರ್ಯ ಬರುದಿಲ್ಲ."

ಇಬ್ಬರೂ ಇಳಿದರು. ಮಂಜು ಇರಲಿಲ್ಲ, ಬರಿದಾಗುತ್ತಿದ್ದ ಕೊಂಬೆಗಳ ನಡುವಿನಿಂದ ಬಿಸಿಲು ನೇರ ಬೀಳುತ್ತಿತ್ತು. ತುದಿಗಳಲ್ಲಿ ಎಳೆಯ ಚಿಗುರು ತಾಮ್ರದ ಬಣ್ಣಕ್ಕೆ ಹೊಳೆಯುತ್ತಿತ್ತು. ಪಾತುಮ್ಮ ಅಳಲಿಲ್ಲ. ಅಡುಗೆಮನೆ ಇದ್ದಲ್ಲಿ ಬಾಗಿ ಒಳಗೆ ಹೋದರು, ಅಲ್ಲಿ ತಲೆಗೆ ತಾಗುವಂಥದ್ದು ಏನೂ ಇರದಿದ್ದರೂ. ಬಾವಿಗೆ ಇಣುಕಿದರು. "ನೀರು ಮೇಲೆಯೇ ಉಂಟಲ್ಲ" ಎಂದರು. ಆಮೇಲೆ ಜಗಲಿಯ ಎಲೆಗಳನ್ನು ಕೈಯಿಂದ ಸಮ ಮಾಡಿ ಒರಗಿಕೊಂಡರು. ನಶೀದಾಳೊಡನೆ ಏನೋ ಹೇಳುತ್ತ ಹೇಳುತ್ತ ಮಾತು ನಡುವೆಯೇ ನಿಂತಿತು. ನೋಡಿದರೆ ನಿದ್ದೆ.

ಚೀಲದಲ್ಲಿ ಇನ್ನೆರಡು ಕವರು ಉಳಿದಿದ್ದವು, ಪೆರಿಯಡ್ಕದವು. ತಡವಾದರೂ ಅಲ್ಲಿಯವರು ಬೈಯುವುದಿಲ್ಲ, ಕೂರು ಎನ್ನುತ್ತಾರೆ, ಅಷ್ಟು ಪರಿಚಯ ಈಗ ಆಗಿತ್ತು. ನಶೀದಾ ಶೂ ಬಿಚ್ಚಿ ಕಾಲು ಚಾಚಿದಳು. ಪಾತುಮ್ಮನ ಸೆರಗಿನ ಮೇಲೆ ಒಂದು ಎಲೆ ಬಿತ್ತು, ಅದನ್ನು ಮೆಲ್ಲಗೆ ತೆಗೆದಳು. ಇನ್ನೊಂದು ಬಿತ್ತು. ಅದನ್ನು ಹಾಗೆಯೇ ಬಿಟ್ಟು, ಅವರು ಏಳುವವರೆಗೂ ಸುಮ್ಮನೆ ಕಾದು ಕೂತಳು.