ಭಾನುವಾರದ ಮನೆಗಳು

ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಆಮೇಲೆ ನಿಲ್ಲಿಸಿದ್ದು, ಮತ್ತೆ ಬಿಟ್ಟದ್ದು. ಗಂಡ ಒಂದು ಕೈ ನೀರಿಗೆ ಒಡ್ಡಿ, ಒಂದು ಕೈ ಗೋಡೆಗೆ ಕೊಟ್ಟು, ನಾಡಿ ನೋಡುವ ವೈದ್ಯರ ಹಾಗೆ ತಲೆ ಓರೆ ಮಾಡಿಕೊಂಡು ನಿಂತಿರುತ್ತಾನೆ ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು. ಅವಳು ಮುಂದಿನ ಕೋಣೆಯ ಕಿಟಕಿಯ ಎದುರು ಎರಡೂ ತೋಳು ಚಾಚಿ ನಿಂತಿದ್ದಳು. ಟೇಪು ಚೀಲದಲ್ಲೇ ಇತ್ತು. ಕರ್ಟನ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಊರವರ ಕಿಟಕಿಗಳನ್ನೆಲ್ಲ ಅಳೆದೂ ಅಳೆದೂ ಅವಳಿಗೆ ತನ್ನ ತೋಳೇ ಸಾಕಾಗುತ್ತಿತ್ತು. ಇದಕ್ಕೆ ತೆಳು ಬಟ್ಟೆ ಹಾಕಬೇಕು ಅಂದುಕೊಂಡಳು. ಇಷ್ಟು ಒಳ್ಳೆಯ ಬೆಳಕನ್ನು ತಡೆಯಬಾರದು, ಸೋಸಬೇಕು ಅಷ್ಟೆ.

"ಹೇಗಿದೆ ಅಮ್ಮ?" ಎಂದ ದಳ್ಳಾಳಿ ಬಾಗಿಲ ಬಳಿಯಿಂದಲೇ. ಸೊಂಟದಲ್ಲಿ ಯಾವಾಗಲೂ ಹತ್ತಾರು ಮನೆಗಳ ಬೀಗದಕೈ ಜೋತಾಡುತ್ತಿದ್ದುದರಿಂದ ಅವನಿಗೆ ಕೀಗೊಂಚಲು ಎಂದೇ ಹೆಸರು ಬಿದ್ದಿತ್ತು.

"ಇದೇ," ಎಂದಳು ಅವಳು. ತನ್ನ ದನಿ ನಡುಗಿದ್ದಕ್ಕೆ ತಾನೇ ನಾಚಿದಳು. "ಇದೇ ಅನ್ಸುತ್ತೆ ಕಣಪ್ಪ."

ಕೀಗೊಂಚಲು ಬಾಗಿಲಿನ ಚಿಲಕವನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿದ.

ಗಂಡ ಕರವಸ್ತ್ರದಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತ ಹೊರಗೆ ಬಂದ. "ಒತ್ತಡ ಇಲ್ಲ ಕಣೆ."

"ಬರ್ತಾ ಇತ್ತಲ್ಲ? ಇಲ್ಲಿ ತನಕ ಸದ್ದು ಕೇಳ್ತು."

"ಈಗ ಬರುತ್ತೆ. ಬೇಸಿಗೆ ಬರ್ಲಿ, ಸೂಜಿಗೆ ಪೋಣಿಸಬಹುದು, ಅಷ್ಟು ಸಣ್ಣ ಧಾರೆ. ನೀರಿಲ್ಲದ ಮನೆ ಅರಮನೆ ಆದ್ರೂ ಅಷ್ಟೆ." ಅವಳ ಮುಖ ನೋಡಿ ಹೆಗಲ ಮೇಲೆ ಕೈಯಿಟ್ಟ. "ಅವಸರ ಯಾಕೆ? ನಮ್ಮ ಮನೆ ನಮಗೋಸ್ಕರ ಎಲ್ಲೋ ಕಾಯ್ತಾ ಇರುತ್ತೆ."

ಅವನು ನೀರಿನ ಇಲಾಖೆಯಲ್ಲಿ ಮೀಟರ್ ನೋಡುವವನು. ನೀರಿನ ವಿಷಯದಲ್ಲಿ ಅವನ ಮಾತಿಗೆ ಎದುರಾಡುವುದು ಹೇಗೆ? ಅವಳು ಕಿಟಕಿಯನ್ನು ಇನ್ನೊಮ್ಮೆ ನೋಡಿ, ಚೀಲ ಹೆಗಲಿಗೇರಿಸಿದಳು.

ಹೀಗೆ ಆರು ವರ್ಷಗಳಿಂದ ನಡೆದಿತ್ತು. ಅವರಿದ್ದದ್ದು ಭಾವನ ಮನೆಯಲ್ಲಿ, ಮಹಡಿಯ ಮೇಲಿನ ಒಂದೇ ಕೋಣೆಯಲ್ಲಿ. ತಾರಸಿಗೆ ಹೋಗಲು ಆ ಕೋಣೆಯೇ ದಾರಿ. ಓರಗಿತ್ತಿ ಬಟ್ಟೆ ಒಣಹಾಕಲು, ಅವಳ ಹೆಣ್ಣುಮಕ್ಕಳು ಫೋನಿನಲ್ಲಿ ಮಾತಾಡಲು, ಭಾವ ಬೆಳಗಿನ ಗಾಳಿಗೆ, ಎಲ್ಲರೂ ಅವರ ಮಂಚದ ಪಕ್ಕದಲ್ಲೇ ಹಾದುಹೋಗುತ್ತಿದ್ದರು. ಬಾಗಿಲಿಗೆ ಚಿಲಕವಿರಲಿಲ್ಲ. ಹಾಕಿಸೋಣ ಎಂದಾಗ ಗಂಡ, "ಅಣ್ಣ ಏನಾದ್ರೂ ಅಂದ್ಕೊಂಡಾನು," ಎಂದಿದ್ದ. ಆವತ್ತೇ ಅವಳು ಸ್ವಂತಕ್ಕೊಂದು ಫ್ಲ್ಯಾಟ್ ಬೇಕು ಎಂದು ಬಾಯಿಬಿಟ್ಟು ಕೇಳಿದ್ದು. ಅವನು "ಸರಿ, ನೋಡೋಣ," ಎಂದ. ನೋಡುವುದು ಶುರುವಾಯಿತು.

ನಿಜ ಹೇಳಬೇಕೆಂದರೆ, ಅವರ ಸಂಸಾರದಲ್ಲಿ ಭಾನುವಾರಗಳಷ್ಟು ಸೊಗಸಾದದ್ದು ಬೇರೆ ಇರಲಿಲ್ಲ. ಅವಳು ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದಳು. ಅವನು ಸ್ಕೂಟರ್ ಒರೆಸಿಟ್ಟಿರುತ್ತಿದ್ದ. ಖಾಲಿ ಮನೆಗಳಲ್ಲಿ ಅವರ ಮಾತು ಗೋಡೆಗೆ ತಾಗಿ ದೊಡ್ಡದಾಗಿ ವಾಪಸು ಬರುತ್ತಿತ್ತು. ಅದಕ್ಕೇ ನಗು ಬರುತ್ತಿತ್ತು. ಇಲ್ಲಿ ಮಂಚ, ಇಲ್ಲಿ ಊಟದ ಮೇಜು ಎಂದು ಅವಳು ಗಾಳಿಯಲ್ಲಿ ಕೈಯಾಡಿಸಿದರೆ ಅವನು ಇಲ್ಲದ ಮೇಜನ್ನು ಸುತ್ತು ಹಾಕಿ ನಡೆದು ತೋರಿಸುತ್ತಿದ್ದ. ಮೊದಮೊದಲು ಎರಡನೇ ಕೋಣೆಯನ್ನು ಮಗುವಿನದು ಅನ್ನುತ್ತಿದ್ದರು. ಯಾವಾಗಿನಿಂದಲೋ ಅದು ಹೊಲಿಗೆ ಮಷೀನಿನ ಕೋಣೆಯಾಯಿತು. ಹಾಗೆ ಬದಲಾದದ್ದನ್ನು ಇಬ್ಬರೂ ಎತ್ತಿ ಆಡಲಿಲ್ಲ. ಕೊನೆಗೆ ಅವನು ಬಚ್ಚಲಿಗೆ ಹೋಗುತ್ತಿದ್ದ, ನಲ್ಲಿ ಬಿಡುತ್ತಿದ್ದ. ಒಂದು ಕಡೆ ಉಪ್ಪುನೀರು, ಒಂದು ಕಡೆ ತುಕ್ಕು ಹಿಡಿದ ಕೊಳವೆ, ಇನ್ನೊಂದು ಕಡೆ ಗೋಡೆಯೊಳಗೆ ಸೋರಿಕೆ. ಎಷ್ಟು ಜನ ಗಂಡಸರು ಇಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಎಂದು ಅವಳು ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಆದರೆ ಈ ಸಲದ ಮನೆ ಮನಸ್ಸಿನಿಂದ ಹೋಗಲಿಲ್ಲ. ಆ ವಾರದ ನಡುವೆ ಅದೇ ಕಟ್ಟಡದಿಂದ ಅಂಗಡಿಗೆ ಕರೆ ಬಂತು. ಎರಡನೇ ಮಹಡಿಯ ಶಿಕ್ಷಕಿಯೊಬ್ಬರಿಗೆ ಕರ್ಟನ್ ಬೇಕಿತ್ತು. ಅವಳೇ ಕೇಳಿ ಆ ಕೆಲಸ ತೆಗೆದುಕೊಂಡು ಹೋದಳು. ಅಳತೆ ಮುಗಿದ ಮೇಲೆ ಕೈ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟಳು. ನೀರು ತೊಟ್ಟಿಗೆ ರಪ್ಪೆಂದು ಬಡಿದು ಅವಳ ಸೀರೆಯ ನಿರಿಗೆಯನ್ನೆಲ್ಲ ತೋಯಿಸಿತು.

"ಬೇಸಿಗೇಲೂ ಹೀಗೇ ಬರುತ್ತಾ?" ಎಂದು ಕೇಳಿದಳು.

"ನಾವು ಬಂದಾಗಿಂದ ಹೀಗೇನಮ್ಮ," ಶಿಕ್ಷಕಿ ಟವೆಲು ಕೊಡುತ್ತ ನಕ್ಕರು. "ಈ ಕಟ್ಟಡದಲ್ಲಿ ಏನಿಲ್ದಿದ್ರೂ ನೀರಿದೆ. ಬೇರೆ ಬೀದಿಯವರು ನಮ್ಮನ್ನ ನೋಡಿ ಹೊಟ್ಟೆ ಉರ್ಕೋತಾರೆ."

ಅವಳಿಗೆ ಆದದ್ದು ಬರೀ ಸಂತೋಷ. ಪಾಪ, ನಮ್ಮವರು ಗೊತ್ತಿಲ್ಲದೆ ಹೇಳಿಬಿಟ್ಟಿದ್ದಾರೆ ಅಂದುಕೊಂಡಳು. ಹೋಗಿ ತಾನು ಹೇಳಿದರೆ 'ನಿಂಗೇನ್ ಗೊತ್ತು' ಅನ್ನಬಹುದು, ಕೀಗೊಂಚಲು ಹೇಳಿದರೆ ಕೇಳಿಯಾರು. ದಾರಿಯಲ್ಲೇ ಅವನ ಅಂಗಡಿ. ಹೆಸರಿಗೆ ಅಂಗಡಿ, ಮೆಟ್ಟಿಲ ಕೆಳಗಿನ ಒಂದು ಮೂಲೆ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ.

"ನೀನೇ ಒಂದ್ಮಾತು ಹೇಳ್ಬೇಕಪ್ಪ," ಎಂದು ಶುರುಮಾಡಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ನೆನೆದ ನಿರಿಗೆಯನ್ನೂ ತೋರಿಸಿದಳು.

ಅವನು ಕೇಳುತ್ತ ಕೇಳುತ್ತ ಚಿಕ್ಕವನಾಗುತ್ತ ಹೋದ. "ಆ ಮನೆ ಬಿಟ್ಬಿಡಿ ಅಮ್ಮ. ಬೇರೆ ತೋರಿಸ್ತೀನಿ."

"ಬೇರೆ ಯಾಕೆ? ನೀರಿದೆ ಅಂತಿದೀನಲ್ಲ. ಅವರಿಗೆ ಗೊತ್ತಾಗಿಲ್ಲ ಅಷ್ಟೆ."

"ಸಾರ್‌ಗೆ ಗೊತ್ತಿಲ್ದೆ ಇರುತ್ತಾ ಅಮ್ಮ?" ಮಾತು ಅವನ ಬಾಯಿಂದ ಜಾರಿತು. "ಆ ಕಟ್ಟಡದ ಮೀಟರ್ ನೋಡೋರು ಅವರೇ."

ಹೊರಗೆ ಬಸ್ಸೊಂದು ನಿಂತು, ಜನ ಇಳಿದು, ಹೊರಟಿತು. ಅವಳು ಕುರ್ಚಿಯಲ್ಲಿ ಕೂತಳು.

"ಬೈಬೇಡಿ ಅಮ್ಮ. ಮೊದಲ್ನೇ ವಾರವೇ ಹೇಳಿದ್ರು. 'ತೋರ್ಸು, ಆದ್ರೆ ಕುದುರಿಸ್ಬೇಡ. ಅವಳಿಗೆ ಮನೆ ನೋಡೋದು ಅಂದ್ರೆ ಖುಷಿ, ನೋಡ್ಕೊಳ್ಲಿ' ಅಂತ."

"ಯಾವ ಮೊದಲ್ನೇ ವಾರ?"

"ಮೊದಲ್ನೇದೇ. ರೈಲ್ವೆ ಗೇಟ್ ಹತ್ರದ್ದು."

ರೈಲ್ವೆ ಗೇಟಿನ ಬಳಿಯ ಮನೆ. ರೈಲು ಬಂದಾಗ ಇಬ್ಬರೂ ಕಿವಿ ಮುಚ್ಚಿಕೊಂಡು ಸನ್ನೆಯಲ್ಲಿ ಜಗಳವಾಡಿ ನಕ್ಕಿದ್ದ ಮನೆ.

"ನಿನಗೇನಪ್ಪ ಬಂತು ಇದ್ರಿಂದ?"

"ಖಾಲಿ ಬಿದ್ದಿರೋ ಮನೆ ಯಾವುದು ಅಂತ ಮೀಟರ್ ನೋಡೋರಿಗಿಂತ ಚೆನ್ನಾಗಿ ಯಾರಿಗ್ ಗೊತ್ತಿರುತ್ತೆ? ಮುಳ್ಳು ಅಲ್ಲಾಡ್ದಿದ್ರೆ ಮನೇಲಿ ಜನ ಇಲ್ಲ ಅಂತ ತಾನೆ? ನಂಗೆ ಹೇಳ್ತಿದ್ರು. ಹೊಟ್ಟೆಪಾಡು ಅಮ್ಮ." ಅವನು ಸೊಂಟದ ಗೊಂಚಲನ್ನು ಕೈಯಲ್ಲಿ ಮುಚ್ಚಿಕೊಂಡ. "ಹೇಳ್ಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನೀವು ಅಷ್ಟು ಆಸೆಯಿಂದ ಕೈ ಚಾಚಿ ಕಿಟಕಿ ಅಳೀತಿದ್ರಿ..."

ಅವಳು ಬೈಯಲಿಲ್ಲ. ಅಂಗಡಿಗೆ ಹೋಗಿ ಅರ್ಧ ಹೊಲಿದಿಟ್ಟ ಕರ್ಟನ್ನಿನ ಅಂಚು ಮಡಿಸಿ ಮುಗಿಸಿದಳು. ಹೊಲಿಗೆ ಎಲ್ಲೂ ಸೊಟ್ಟ ಹೋಗಲಿಲ್ಲ. ಅದನ್ನು ಕಂಡು ಅವಳಿಗೇ ಆಶ್ಚರ್ಯವಾಯಿತು.

ಸಂಜೆ ಪಾತ್ರೆ ತೊಳೆಯುವಾಗ ಓರಗಿತ್ತಿ ಎಂದಿನ ನಗೆಯಲ್ಲಿ ಕೇಳಿದಳು: "ಈ ಭಾನುವಾರ ಯಾವ ಕಡೆ ಸವಾರಿ?"

ಆ ನಗೆಯನ್ನು ಅವಳು ಇಷ್ಟು ದಿನ ಹೊಟ್ಟೆಕಿಚ್ಚು ಎಂದು ತಿಳಿದಿದ್ದಳು. ಈಗ ಮೊದಲ ಸಲ ಅದನ್ನು ನೆಟ್ಟಗೆ ನೋಡಿದಳು. "ಅಕ್ಕ, ನಿಮಗೆ ಗೊತ್ತಿತ್ತಾ?"

ಏನು ಎಂದು ಓರಗಿತ್ತಿ ಕೇಳಲಿಲ್ಲ. ಬಟ್ಟಲೊಂದನ್ನು ತಿಕ್ಕುತ್ತಲೇ ಇದ್ದಳು, ಅದು ಹೊಳೆಯುವಷ್ಟಾದ ಮೇಲೂ. "ನಿನ್ನ ಮದುವೆಗೆ ಮುಂಚೇನೇ ಅಣ್ಣಂಗೆ ಮಾತು ಕೊಟ್ಟಿದ್ದ. 'ನೀನಿರೋ ತನಕ ನಮ್ಮಲ್ಲಿ ಎರಡು ಒಲೆ ಆಗಲ್ಲ' ಅಂತ. ಇವ್ರೇ ತಾನೆ ಅವನನ್ನ ಸಾಕಿದ್ದು? ನಿಂಗೆ ಅವನೇ ಹೇಳಿರ್ತಾನೆ ಅಂದ್ಕೊಂಡಿದ್ವಿ. ಹೇಳಿಲ್ಲ ಅಂತ ಗೊತ್ತಾಗೋ ಹೊತ್ತಿಗೆ ನೀವು ಆಗ್ಲೇ ಊರೆಲ್ಲ ಸುತ್ತೋಕೆ ಶುರು ಮಾಡಿದ್ರಿ."

"ಮಕ್ಕಳಿಗೂ ಗೊತ್ತಾ?"

ಓರಗಿತ್ತಿ ಬಟ್ಟಲನ್ನು ಕವುಚಿಟ್ಟಳು. ಪ್ರತಿ ಭಾನುವಾರ ಸಂಜೆ ತಾನು ಮೆಟ್ಟಿಲು ಹತ್ತುವಾಗ 'ಚಿಕ್ಕಮ್ಮ, ಮನೆ ಸಿಕ್ತಾ?' ಎಂದು ಕೇಳಿ ಒಬ್ಬರ ಬೆನ್ನ ಹಿಂದೊಬ್ಬರು ಮುಖ ಮುಚ್ಚಿಕೊಂಡು ನಗುತ್ತಿದ್ದ ಹುಡುಗಿಯರು ಅವಳಿಗೆ ನೆನಪಾದರು. ಕೈಗೆ ಹತ್ತಿದ್ದ ಸೋಪಿನ ನೊರೆಯನ್ನು ಸೀರೆಗೇ ಒರೆಸಿಕೊಂಡು ಅವಳು ಮೇಲೆ ಹೋದಳು.

ಗಂಡ ಮಂಚದ ಮೇಲೆ ಕೂತು ಕಾಲುಚೀಲ ಕಳಚುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ.

"ಕೀಗೊಂಚಲು ಹೇಳಿದ್ನಾ?"

"ಯಾರಾದ್ರೇನು? ನೀವು ಹೇಳ್ಲಿಲ್ಲ." ಅವಳು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಚಿಲಕವಿಲ್ಲದ ಬಾಗಿಲನ್ನು ಮುಚ್ಚಿಡಲು ಬೇರೆ ದಾರಿಯಿರಲಿಲ್ಲ. "ರೀ, ಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಿದ್ರೆ ನೀನು ಅಳ್ತಿದ್ದೆ."

"ಅಳ್ತಿದ್ದೆ. ಒಂದು ದಿನ ಅಳ್ತಿದ್ದೆ, ಒಂದು ವಾರ ಅಳ್ತಿದ್ದೆ. ಆಮೇಲೆ ಇಲ್ಲೇ ಒಂದು ಪರದೆ ಕಟ್ಕೊಂಡು ಇರ್ತಿದ್ದೆ. ಊಟ ಮಾಡ್ಲಿ ಅಂತ ಮಗೂಗೆ ಚಂದಮಾಮನ್ನ ತೋರಿಸ್ತಾರಲ್ಲ, ಹಾಗೆ ನನ್ನ ಕರ್ಕೊಂಡು ಓಡಾಡಿದ್ರಾ?"

"ಅಣ್ಣಂಗೆ ಮಾತು ಕೊಟ್ಟಿದ್ದೆ."

"ನಂಗೂ ಕೊಟ್ಟಿದ್ರಿ."

ಅವನು ಕಾಲುಚೀಲವನ್ನು ಉಂಡೆ ಮಾಡಿ ಮತ್ತೆ ಬಿಡಿಸಿದ. "ಎಲ್ಲಾ ಸುಳ್ಳಲ್ಲ ಕಣೆ. ಭಾನುವಾರ ಬಂದ್ರೆ ನಂಗೂ ಖುಷಿ ಆಗ್ತಿತ್ತು. ವಾರವೆಲ್ಲ ನಿನ್ನ ಮುಖ ಹಾಗೆ ಇರ್ತಿರ್ಲಿಲ್ಲ. ಅದನ್ನ ನೋಡೋಕೇ..."

ಅವಳು ತಲೆಯೆತ್ತಿದಳು. ಅವನು ಹೇಳುತ್ತಿರುವುದು ನಿಜ ಎಂದು ಅವಳಿಗೆ ತಿಳಿಯಿತು. ಸುಳ್ಳಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಬೆನ್ನ ಹಿಂದೆ ಬಾಗಿಲನ್ನು ಯಾರೋ ತಳ್ಳಿದರು. "ಚಿಕ್ಕಮ್ಮ, ಟವೆಲು ತಗೋಬೇಕು," ಎಂದಿತು ಹೆಣ್ಣು ದನಿ. ಅವಳು ಸರಿದು ದಾರಿ ಬಿಟ್ಟಳು.

ಆ ಫ್ಲ್ಯಾಟನ್ನು ಅವಳು ಕೊಳ್ಳಲಿಲ್ಲ. ಆ ಬೀದಿಯಲ್ಲಿ ಹಾದುಹೋಗುವುದನ್ನೇ ಬಿಟ್ಟಳು. ಕರ್ಟನ್ ಅಂಗಡಿಯ ಒಡತಿ ಗಟ್ಟಿ ಹೆಂಗಸು. ವಿಷಯ ತಿಳಿದು, "ಅಳೋದಾದ್ರೆ ಬಟ್ಟೆ ಮೇಲೆ ಅಳ್ಬೇಡ, ಕಲೆಯಾಗುತ್ತೆ," ಎಂದು ಗದರಿ, ಮಾರನೆಯ ವಾರ ತಾನೇ ಬ್ಯಾಂಕಿಗೆ ಬಂದು ಸಾಲಕ್ಕೆ ಜಾಮೀನು ನಿಂತಳು. ಕೊಂಡದ್ದು ಊರಿನ ಇನ್ನೊಂದು ತುದಿಯ ಹಳೆಯ ಕಟ್ಟಡದಲ್ಲಿ. ಒಂದೇ ಕೋಣೆ, ಲಿಫ್ಟಿಲ್ಲ, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಆರು ವರ್ಷ ಹುಡುಕಿದವಳು ಇದನ್ನು ಒಂದು ಮಧ್ಯಾಹ್ನದಲ್ಲಿ ಒಪ್ಪಿದಳು. ತೋಳು ಚಾಚಿ ಅಳೆಯಲೂ ಇಲ್ಲ.

ಹೊರಡುವ ದಿನ ಭಾವ ಪತ್ರಿಕೆಯಿಂದ ಕಣ್ಣೆತ್ತದೆ, "ಹೋಗೋರನ್ನ ಯಾರೂ ಕಟ್ಟಿ ಹಾಕಿಲ್ಲ," ಎಂದ. ಗಂಡ ಅವಳ ಹೊಲಿಗೆ ಮಷೀನನ್ನು ಒಬ್ಬನೇ ಎತ್ತಿ ಮೆಟ್ಟಿಲಿಳಿಸಿದ, ಗಾಡಿಗೆ ಹಗ್ಗ ಬಿಗಿದ, ಗಂಟು ಜಗ್ಗಿ ನೋಡಿದ. "ಬರ್ತೀರಾ?" ಎಂದು ಅವಳು ಕೇಳಿದಳು. ಅವನು ಮನೆಯ ಕಡೆ ತಿರುಗಿ ನೋಡಿದ. ಅಷ್ಟರಲ್ಲಿ ಗಾಡಿಯವನು ಇಂಜಿನ್ ಚಾಲೂ ಮಾಡಿದ್ದ.

ಎಷ್ಟೋ ವಾರಗಳ ಮೇಲೆ ಒಂದು ಭಾನುವಾರ, ಬೆಳಕು ಮಾಸುತ್ತಿದ್ದ ಹೊತ್ತಿಗೆ, ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಅವನು. ತಲೆ ಬಾಚಿದ್ದ, ಇಸ್ತ್ರಿಯ ಅಂಗಿ ತೊಟ್ಟಿದ್ದ. ನಾಲ್ಕು ಮಹಡಿ ಹತ್ತಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಸುಮ್ನೆ... ನೋಡ್ಕೊಂಡು ಹೋಗೋಣ ಅಂತ," ಎಂದ. ಅವಳ ಭುಜದ ಮೇಲಿನಿಂದ ಅವನ ಕಣ್ಣು ಒಳಗೆ ಹೋಯಿತು, ಗೋಡೆ, ಮಂಚ, ದೀಪ. "ಚೆನ್ನಾಗಿದೆ."

ಅವಳು ಚಿಲಕ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಅವನು ಅನುಮತಿ ಸಿಕ್ಕವನಂತೆ ಬಗ್ಗಿ ಚಪ್ಪಲಿ ಕಳಚತೊಡಗಿದ. ಎದುರುಮನೆಯ ಅಜ್ಜಿ ಬಾಗಿಲನ್ನು ಅರ್ಧ ತೆರೆದು ಇಣುಕಿದರು.

"ಯಾರು ಬಂದಿದ್ದು ತಾಯಿ? ನೆಂಟರಾ?"

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಬಗ್ಗಿದ ತಲೆಯ ನಡುವೆ ಕೂದಲು ತೆಳುವಾದದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಅಲ್ಲಜ್ಜಿ," ಎಂದಳು. "ಮನೆ ನೋಡೋಕೆ ಬಂದಿದಾರೆ."

ಅಜ್ಜಿ "ಓ" ಎಂದು ಬಾಗಿಲು ಹಾಕಿಕೊಂಡರು. ಆ ಕಟ್ಟಡದಲ್ಲಿ ಮೆಟ್ಟಿಲ ದೀಪ ಸ್ವಲ್ಪ ಹೊತ್ತು ಉರಿದು ತಾನಾಗಿಯೇ ಆರುತ್ತಿತ್ತು. ಈಗಲೂ ಟಕ್ಕೆಂದು ಆರಿತು. ಕತ್ತಲಲ್ಲಿ ಇಬ್ಬರ ಉಸಿರೂ ಕೇಳುತ್ತಿತ್ತು. ಕೆಳಗಿನ ಮಹಡಿಯಲ್ಲಿ ಯಾರೋ ಸ್ವಿಚ್ಚು ಒತ್ತಿದರು. ಬೆಳಕು ಬಂದಾಗ ಅವನು ಇನ್ನೂ ಹೊಸ್ತಿಲ ಆಚೆಯೇ ಇದ್ದ, ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಕೈಯಲ್ಲಿ.