ಗುಡ್ಡ ದಾಟಿದ ಸೀರೆ ಗಂಟು

ಗುಡ್ಡದ ಅರ್ಧಕ್ಕೆ ಬರುವಷ್ಟರಲ್ಲಿ ನಾಯಿ ಕೆಂಚ ಎಷ್ಟೋ ಸಲ ಮುಂದೋಡಿ, ಅಷ್ಟೇ ಸಲ ಹಿಂದಿರುಗಿ ಬಂದು, ಒಂದು ದಾರಿಯನ್ನು ಮೂರು ದಾರಿ ಮಾಡಿಕೊಂಡಿತ್ತು. ಮುನಿಗಂಗಪ್ಪನಿಗೆ ಒಂದು ದಾರಿಯೇ ಹೆಚ್ಚಾಗಿತ್ತು. ಹೆಗಲ ಮೇಲಿದ್ದದ್ದು ಹೆಂಡತಿಯ ಸೀರೆ ರವಿಕೆಗಳ ಗಂಟು. ಹೊರೆ ಅನ್ನುವಂಥ ಹೊರೆಯೇನಲ್ಲ. ಆದರೂ ಅವನು ಅದನ್ನು ಬಲಹೆಗಲಿನಿಂದ ಎಡಕ್ಕೆ, ಎಡದಿಂದ ಬಲಕ್ಕೆ ಬದಲಾಯಿಸುತ್ತಲೇ ಇದ್ದ.

ಪುಷ್ಯಮಾಸದ ಬಿಸಿಲು ಮೈಗೆ ಹಿತವಾಗಿತ್ತು. ಬೆಳಿಗ್ಗೆ ಊರನ್ನು ಮುಚ್ಚಿಕೊಂಡಿದ್ದ ಮಂಜು ಕರಗಿ, ಕೆಳಗೆ ರಾಗಿ ಮೆದೆಗಳು, ಕೆರೆಯಂಗಳ, ರೇಷ್ಮೆ ಸೊಪ್ಪಿನ ತೋಟಗಳ ಹಸಿರು ಎಲ್ಲ ತೊಳೆದಿಟ್ಟ ಹಾಗೆ ಕಾಣುತ್ತಿದ್ದವು. ತಂಗಡಿ ಗಿಡಗಳು ಮೈತುಂಬ ಹಳದಿ ಹೂ ಬಿಟ್ಟಿದ್ದವು. ಹೋದ ವರ್ಷ ಇದೇ ದಿನಗಳಲ್ಲಿ ಇದೇ ದಾರಿಯಲ್ಲಿ ವರಲಕ್ಷ್ಮಮ್ಮನನ್ನು ತವರಿಗೆ ಕರೆದುಕೊಂಡು ಹೊರಟಾಗ ಅವಳು ಹೆಜ್ಜೆಗೊಂದು ಕಡೆ ಕೂತು, ಕೆಂಚನ ಜೊತೆ ಮಾತಾಡಿ, ಮಧ್ಯಾಹ್ನ ಮಾಡಿಬಿಟ್ಟಿದ್ದಳು. ಅಂದು ಅವನು ಬೈದಿದ್ದ. ಇಂದು ಬೈಯಲಿಕ್ಕೂ ಜೊತೆಯಲ್ಲಿ ಯಾರಿಲ್ಲ. ಇಂಥ ಚೆಂದದ ಬಿಸಿಲಿನಲ್ಲಿ ಇಂಥ ಕೆಲಸಕ್ಕೆ ಹೊರಟೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಕೆಲಸ ಇಷ್ಟೇ. ಗುಡ್ಡದಾಚೆ ಕೈವಾರದ ಕಡೆಯ ಆ ಹಳ್ಳಿಗೆ ಹೋಗಿ, ಮಾವನ ಮನೆಯ ಜಗಲಿಯ ಮೇಲೆ ಗಂಟು ಇಟ್ಟು, ಒಂದು ಚೆಂಬು ನೀರು ಕುಡಿದು ಹಿಂತಿರುಗಬೇಕು. ಬಾಯಿ ಬಿಟ್ಟು ಏನೂ ಹೇಳಬೇಕಾಗಿಲ್ಲ. ಹೆಣ್ಣಿನ ಸೀರೆ ಗಂಟು ಗಂಡನ ಕೈಯಿಂದ ತವರಿಗೆ ಬಂತೆಂದರೆ ಅದರ ಅರ್ಥ ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. "ಸಂಕ್ರಾಂತಿ ಒಳಗೆ ಇದೊಂದು ಮುಗಿಸ್ಬಿಟ್ಟು ಬಾರಪ್ಪ" ಎಂದು ಅವನ ತಾಯಿ ಕದಿರಮ್ಮ ಗಂಟನ್ನು ತಾನೇ ಕಟ್ಟಿ ಕೈಗೆ ಕೊಟ್ಟಿದ್ದಳು.

ಇಷ್ಟಕ್ಕೆಲ್ಲ ಕಾರಣ ರೇಷ್ಮೆ ಹುಳು. ಈ ಸಲದ ಬೆಳೆ ಅಂಥಿಂಥ ಬೆಳೆಯಾಗಿರಲಿಲ್ಲ. ಪೊರೆ ಬಿಡುವ ಹೊತ್ತಿಗೆ ಹುಳುವಿಗೆ ಜ್ವರ ಬಂತು ಅನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ಬೆರಳುದ್ದ ಬೆಳೆದು, ಸೊಪ್ಪು ಹಾಕಿದರೆ ಮಳೆ ಸುರಿದ ಹಾಗೆ ಸದ್ದು ಮಾಡಿ ತಿನ್ನುತ್ತಿತ್ತು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಅಷ್ಟರಲ್ಲಿ ಒಂದು ಬೆಳಿಗ್ಗೆ ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿ ಅತ್ತ ಇತ್ತ ಆಡಿಸಿ, ಹಸಿರು ನೀರು ಕಕ್ಕಿ, ಮುದುಡಿ ಸಾಯತೊಡಗಿತು. ಹಾಲು ರೋಗವಲ್ಲ, ಸಪ್ಪೆ ರೋಗವಲ್ಲ. ಊರಿನಲ್ಲಿ ಹುಳು ಮೇಯಿಸಿ ತಲೆ ನರೆತವರೆಲ್ಲ ಬಂದು ನೋಡಿ, ಇಂಥದ್ದು ಕಂಡಿಲ್ಲ ಎಂದರು. ಕಂಡಿಲ್ಲದ್ದಕ್ಕೂ ಒಂದು ಹೆಸರು ಬೇಕಲ್ಲ, ಮೈಲಿಗೆ ಎಂದರು. ಹುಳುಮನೆ ದೇವರಮನೆಯ ಲೆಕ್ಕ. ಮುಟ್ಟಾದ ಹೆಂಗಸಿನ ನೆರಳೂ ಅಲ್ಲಿ ಬೀಳಬಾರದು. ಅದೇ ದಿನ ಹೊತ್ತು ಮುಳುಗುವ ಮುಂಚೆ ವರಲಕ್ಷ್ಮಮ್ಮ ಹೊರಗೆ ಕೂತಳು.

ಮುಗಿಯಿತು. ಅವಳು ನೆನ್ನೆಯೇ ಹೊರಗಾಗಿದ್ದಾಳೆ, ಕೆಲಸದ ಭರಾಟೆಯಲ್ಲಿ ಮುಚ್ಚಿಟ್ಟು ಹುಳುವಿಗೆ ಸೊಪ್ಪು ಹಾಕಿದ್ದಾಳೆ ಎಂದು ಕದಿರಮ್ಮ ಬೀದಿಗೆ ಕೇಳುವಂತೆ ಹೇಳಿದಳು. ಈಗ ತಾನೇ ಆದದ್ದು ಎಂದು ವರಲಕ್ಷ್ಮಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಎದುರು ಮನೆಯ ಅಮ್ಮಾಜಮ್ಮ, ಗಂಡನನ್ನೇ ಕೇಳಿದರಾಯಿತಲ್ಲ ಎಂದಳು. ಬೀದಿಯ ಹೆಂಗಸರೆಲ್ಲ ಮುನಿಗಂಗಪ್ಪನ ಮುಖ ನೋಡಿದರು. ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೂ ಆಗುತ್ತಿತ್ತು. ಒಳಗೆ ತಟ್ಟೆಗಟ್ಟಲೆ ಸತ್ತು ಬಿದ್ದಿದ್ದ ಹುಳುವಿನ ಸಂಕಟ, ಹೊರಗೆ ತಾಯಿಯ ಗೋಳು, ಎರಡರ ನಡುವೆ ನಿಂತು ಅವನು "ಇದ್ರೂ ಇರ್ಬೋದು" ಎಂದುಬಿಟ್ಟ. ವರಲಕ್ಷ್ಮಮ್ಮ ಬೀದಿಗೆ ಬೆನ್ನು ತಿರುಗಿಸಿ ಕೂತಳು. ಸ್ನಾನವಾದ ದಿನವೇ ಅವಳ ತಂದೆ ನಲ್ಲಪ್ಪ ಬಂದು ಕರೆದುಕೊಂಡು ಹೋದ.

ಕೆಂಚ ಅವಳ ನಾಯಿ. ಮದುವೆಯಾದ ಹೊಸದರಲ್ಲಿ ತವರಿನಿಂದ ಮಡಿಲಲ್ಲಿ ಹಾಕಿಕೊಂಡು ತಂದಿದ್ದ ಮರಿ. ಅವಳು ಹೋದ ದಿನ ಅದನ್ನು ಕಟ್ಟಿಹಾಕಬೇಕಾಯಿತು. ಅಂದಿನಿಂದ ಅದು ಮುದ್ದೆ ಮೂಸಿ ಬಿಟ್ಟು, ಕೊಟ್ಟಿಗೆಯ ಗೋಣಿತಾಟಿನ ಮೇಲೆ ಮಲಗಿಯೇ ದಿನ ಕಳೆಯುತ್ತಿತ್ತು. ಹೆಂಡತಿಯ ಪರವಾಗಿ ಒಂದು ಮಾತಾಡಲು ಬಾರದ ಮುನಿಗಂಗಪ್ಪ ಅವಳ ನಾಯಿಯ ಆರೈಕೆಗೆ ನಿಂತ. ಎಂಥ ಶೂರ ನೋಡಿ. ನೆನ್ನೆ ಸಂಜೆ ಕೂಡ ಅದನ್ನು ಹಿಡಿದು ಕೂರಿಸಿ, ಕಿವಿಯ ಸಂದಿನ ಉಣ್ಣೆಗಳನ್ನು ಕಿತ್ತು, ಮೈಗೆಲ್ಲ ಪುಡಿ ತಿಕ್ಕಿದ್ದ.

ಗುಡ್ಡದ ನೆತ್ತಿಯಲ್ಲಿ ಹಾಸುಬಂಡೆಯ ಮೇಲೆ ಅವನು ಗಂಟು ಇಳಿಸಿ ಕೂತ. ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ ರೊಟ್ಟಿ ತೆಗೆದ. ಕೆಂಚ ಪಕ್ಕದ ತಂಗಡಿ ಗಿಡಕ್ಕೆ ಮೈ ಉಜ್ಜಿ, ಬೆನ್ನ ಮೇಲೆ ಹೊರಳಾಡಿ, ಗಿಡದ ಹೂವನ್ನೆಲ್ಲ ಉದುರಿಸಿಕೊಂಡು ಬಂದು ಎದುರಿಗೆ ಕೂತಿತು. ಅದರ ಕತ್ತಿನ ಕೂದಲಲ್ಲಿ ಒಂದು ಎಳೆ ಹಸಿರು ಹುಳು ಹರಿದಾಡುತ್ತಿತ್ತು. ತಂಗಡಿ ಎಲೆ ತಿನ್ನುವ ಹುಳು. ಹುಳು ಮೇಯಿಸುವವನ ಕೈ, ಅದನ್ನು ಹೊಸಕಿ ಹಾಕಲಿಲ್ಲ. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಂಡೆಯ ಮೇಲೆ ಬಿಟ್ಟ. ರೊಟ್ಟಿ ಮುರಿದು ಕೆಂಚನಿಗೊಂದು ತುಂಡು ಹಾಕಿದ. ಇವತ್ತು ಅದು ತಿಂದಿತು. ಎಲ್ಲಿಗೆ ಹೋಗುತ್ತಿದ್ದೇವೆಂದು ಅದಕ್ಕೆ ಗೊತ್ತಾಗಿತ್ತು.

ರೊಟ್ಟಿ ಮುಗಿಸಿ ಕೈ ಒರೆಸಿಕೊಳ್ಳುವಾಗ ಬಂಡೆಯ ಮೇಲೆ ಕಣ್ಣು ಬಿತ್ತು. ಹುಳು ಇಟ್ಟ ಜಾಗದಲ್ಲೇ ಇತ್ತು. ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿತ್ತು. ಬಾಯಿಂದ ಒಂದು ಹನಿ ಹಸಿರು ನೀರು ಬಂದು ಬಂಡೆಯ ಮೇಲೆ ಕಲೆಯಾಯಿತು. ಆಮೇಲೆ ಹುಳು ಮುದುಡಿಕೊಂಡಿತು.

ಇದೇ ಸಾವನ್ನು ಮುನಿಗಂಗಪ್ಪ ತಟ್ಟೆ ತಟ್ಟೆಯಲ್ಲೂ ಕಂಡಿದ್ದ. ಅವನು ಎದ್ದು ತಂಗಡಿ ಗಿಡದ ಬಳಿಗೆ ಹೋದ. ಅಲ್ಲಿ ಉಳಿದ ಹುಳುಗಳು ಏನೂ ಆಗಿಲ್ಲವೆಂಬಂತೆ ಎಲೆ ಮೇಯುತ್ತಿದ್ದವು. ಒಂದನ್ನು ಎಲೆಸಮೇತ ಕಿತ್ತು ತಂದು ಕೆಂಚನ ಬೆನ್ನ ಮೇಲೆ ಬಿಟ್ಟ. ಅದು ಕೂದಲಲ್ಲಿ ಸ್ವಲ್ಪ ದೂರ ಹರಿದ ಮೇಲೆ ಎತ್ತಿ, ಮತ್ತೆ ಅದರ ಎಲೆಯ ಮೇಲೇ ಇಟ್ಟು, ಮಂಡಿಯೂರಿ ಕೂತು ನೋಡಿದ. ಬಿಸಿಲು ಕತ್ತನ್ನು ಸುಡುತ್ತಿತ್ತು. ಹುಳು ಎಲೆ ಮುಟ್ಟಲಿಲ್ಲ. ತಡವಾಗಿಯಾದರೂ ಅದೂ ತಲೆ ಆಡಿಸಿತು, ಅದೂ ಕಕ್ಕಿತು. ಅವನು ಕೆಂಚನ ಮೈ ಸವರಿ ಅಂಗೈ ನೋಡಿಕೊಂಡ. ಬೆಳ್ಳಗೆ ಪುಡಿ ಅಂಟಿತ್ತು.

ಮಲೇರಿಯಾದವರ ಪುಡಿ. ದೀಪಾವಳಿಯ ಮುಂಚೆ ಅವರು ಪಂಪು ಹೊತ್ತು ಬಂದು ಮನೆಮನೆಯ ಗೋಡೆಗೂ ಡಿ.ಡಿ.ಟಿ. ಹೊಡೆದಿದ್ದರು. ಹುಳುಮನೆಗೆ ಮಾತ್ರ ಬೇಡ, ಹುಳು ಸತ್ತಾವು ಎಂದು ಅವರೇ ಹೇಳಿದ್ದರು. ಅದರ ಮೇಲೂ ಕದಿರಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತು, ಅವರು ಬೀದಿ ದಾಟುವ ತನಕ ಕದಲಿರಲಿಲ್ಲ. ತಿಗಣೆಗಾಗುತ್ತದೆ, ನಾಯಿಯ ಉಣ್ಣೆಗಾಗುತ್ತದೆ ಎಂದು ಅವರಿಂದ ಒಂದು ಡಬ್ಬಿ ಪುಡಿ ಬೇಡಿ ಇಸಕೊಂಡವನು ಮುನಿಗಂಗಪ್ಪ. ಚಳಿ ಬಿದ್ದ ಮೇಲೆ, ಬೆಳೆ ಇನ್ನೂ ತಟ್ಟೆಯಲ್ಲಿದ್ದಾಗಲೇ, ಕೆಂಚನ ಮೈಗೆ ತಿಕ್ಕತೊಡಗಿದವನು ಅವನೇ. ಕೆಂಚ ರಾತ್ರಿಯೆಲ್ಲ ಮೈ ಮುದುಡಿ ಮಲಗುತ್ತಿದ್ದ ಆ ಗೋಣಿತಾಟನ್ನೇ ಬೆಳಿಗ್ಗೆ ಕೊಡವಿ ತೋಟಕ್ಕೆ ಒಯ್ದು, ಅದರಲ್ಲೇ ಸೊಪ್ಪು ಕಟ್ಟಿ ಹೊತ್ತು ತಂದು ಹುಳುಮನೆಯಲ್ಲಿ ಬಿಚ್ಚುತ್ತಿದ್ದವನೂ ಅವನೇ. ಬಾಗಿಲಲ್ಲಿ ತಾಯಿ ತಡೆದು ನಿಲ್ಲಿಸಿದ್ದನ್ನು ಮಗ ಸೊಪ್ಪಿನ ಜೊತೆ ಒಳಗೆ ತಂದು ಹಾಕಿದ್ದ.

ಅವನು ಬಂಡೆಯ ಮೇಲೆ ಸುಮ್ಮನೆ ಕೂತುಬಿಟ್ಟ. ನಾಚಿಕೆಯಾಯಿತು. ಅಳುವೂ ಬಂತು, ನಾಯಿಯ ಎದುರು ಅಳಲು ಸಂಕೋಚವೇನಿಲ್ಲವಾದ್ದರಿಂದ ಸ್ವಲ್ಪ ಅತ್ತ. ಹಿಂದಿರುಗಿ ಹೋಗಿ ತಾಯಿಗೆ ಹೇಳೋಣವೇ ಅನ್ನಿಸಿತು. ಮೊದಲು ಕೇಳಬೇಕಾದವಳು ಗುಡ್ಡದ ಆಚೆಗಿದ್ದಳು. ಗಂಟು ಎತ್ತಿ ಇಳಿಜಾರಿಗೆ ಇಳಿದ. ಹೋಗುತ್ತ ಹೋಗುತ್ತ ಮನಸ್ಸು ಹಗುರಾಗುತ್ತ ಬಂತು ಕೂಡ. ನಿಜ ತಿಳಿಯಿತಲ್ಲ, ಹೇಳಿದರೆ ಅವಳು ಖುಷಿಪಡುತ್ತಾಳೆ, ಸಂಜೆಗೆ ಜೊತೆಯಲ್ಲೇ ಕರೆದುಕೊಂಡು ಹಿಂದಿರುಗಬಹುದು ಎಂದು ಲೆಕ್ಕ ಹಾಕುವಷ್ಟು ಹಗುರಾಯಿತು.

ಮಾವನ ಮನೆಯ ಮುಂದೆ ವರಲಕ್ಷ್ಮಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೆಂಚ ಅವಳ ಮೈಮೇಲೆ ಹಾರಿ ಮೊರ ಚೆಲ್ಲಿತು. ಅವಳು ನಕ್ಕಳು; ನಗುತ್ತಲೇ ತಲೆ ಎತ್ತಿದಳು; ಗಂಡನ ಹೆಗಲ ಗಂಟು ಕಂಡು ಮುಖ ಕಲ್ಲಾಯಿತು. ಒಳಗಿಂದ ಬಂದ ನಲ್ಲಪ್ಪನೂ ಗಂಟನ್ನು ನೋಡಿ ಬಾಗಿಲಲ್ಲೇ ನಿಂತ.

ಗಂಟು ಇನ್ನೂ ಹೆಗಲ ಮೇಲಿರುವಾಗಲೇ ಮುನಿಗಂಗಪ್ಪ ಹೇಳತೊಡಗಿದ. ಬಂಡೆ, ಹಸಿರು ಹುಳು, ಪುಡಿ, ಗೋಣಿತಾಟು ಎಲ್ಲವನ್ನೂ ಒಂದಕ್ಕೊಂದು ಹೆಣೆದು ಹೇಳಿದ. ಮಧ್ಯೆ ಕೆಂಚ ಒಳಗೆ ನುಗ್ಗಲು ಹೋದಾಗ ನಲ್ಲಪ್ಪ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ.

"ವದ್ದಪ್ಪ, ವದ್ದು, ಬ್ಯಾಡ. ಅದನ್ನ ಆಚೇನೇ ಹಿಡ್ಕೊ. ನಮ್ ಹುಳ ಮೂರನೇ ಜ್ವರದಾಗೈತೆ."

ವರಲಕ್ಷ್ಮಮ್ಮ ನಾಯಿಯನ್ನು ಹಗ್ಗ ಹಾಕಿ ಬಾವಿಯ ಹತ್ತಿರದ ಕಲ್ಲಿಗೆ ಕಟ್ಟಿದಳು. ನೀರು ಸೇದಿ ಅದರ ಮೇಲೆ ಹೊಯ್ದಳು. ಸೀಗೆಪುಡಿ ಹಾಕಿ ತಿಕ್ಕಿದಳು, ಮತ್ತೆ ಹೊಯ್ದಳು. ಬೆಳ್ಳಗೆ ಇಳಿದು ಹರಿಯುತ್ತಿದ್ದ ನೀರನ್ನು ಕಾಲಿನಿಂದ ಅತ್ತ ಸರಿಸಿ, ತೋಟದ ಕಡೆಗೆ ಹೋಗದಂತೆ ಮಣ್ಣು ಒತ್ತಿದಳು. ಮುನಿಗಂಗಪ್ಪ ಹಗ್ಗಕ್ಕೆ ಕೈ ಹಾಕಲು ಹೋದರೆ ಕೊಡಲಿಲ್ಲ. ಅವನು ಅವಳು ಏನಾದರೂ ಹೇಳಲೆಂದು ಕಾದ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಕೊನೆಗೆ ಅವಳು ಕೈ ಒರೆಸಿಕೊಂಡು ಕೇಳಿದಳು: "ನಾನು ಅವತ್ತು ಏನು ಹೇಳ್ದೆ?"

"ಈಗ ತಾನೇ ಆಗಿದ್ದು ಅಂತ."

"ನಾನ್ ಹೇಳಿದ್ದು ನಂಬ್ಲಿಲ್ಲ. ತಂಗಡಿ ಹುಳ ಹೇಳಿದ್ದು ನಂಬ್ದೆ."

ಅವನು ತಲೆ ತಗ್ಗಿಸಿದ. ತಪ್ಪಾಯಿತು, ಹೊರಡು, ಮನೆಗೆ ಹೋಗಿ ಅಮ್ಮನಿಗೆ ನಿಧಾನವಾಗಿ, ಒಬ್ಬಳೇ ಇರುವಾಗ ತಿಳಿಸಿ ಹೇಳುತ್ತೇನೆ ಎಂದ.

"ಒಬ್ಬಳೇ ಇರೋವಾಗ ಯಾಕೆ?" ಎಂದಳು ವರಲಕ್ಷ್ಮಮ್ಮ. ದನಿ ಏರಲಿಲ್ಲ. "ಇದ್ರೂ ಇರ್ಬೋದು ಅಂದಾಗ ಅಮ್ಮಾಜಮ್ಮ ಇದ್ಲು, ಬೀದಿಯೋರೆಲ್ಲ ಇದ್ರು. ಅವರೆಲ್ಲ ಇರೋವಾಗ್ಲೇ ಹೇಳು. ಗಂಟು ಇಲ್ಲೇ ಇರ್ಲಿ. ಬರೋದಾದ್ರೆ ನಾನೇ ಹೊತ್ಕೊಂಡು ಬರ್ತೀನಿ."

ಬರೋದಾದ್ರೆ ಎಂದಳು, ಬರ್ತೀನಿ ಎಂದು ನೇರ ಹೇಳಲಿಲ್ಲ. ನಲ್ಲಪ್ಪ ಊಟಕ್ಕೆ ಏಳು ಎಂದ. ಮುನಿಗಂಗಪ್ಪ ಒಂದು ಚೆಂಬು ನೀರನ್ನೂ ಕುಡಿಯದೆ ಹೊರಟ. ಒದ್ದೆ ನಾಯಿ ಬಿಸಿಲಲ್ಲಿ ನಡುಗುತ್ತ ಕಲ್ಲಿನ ಬಳಿಯೇ ಉಳಿಯಿತು.

ಹೆಗಲು ಖಾಲಿಯಾಗಿದ್ದರೂ ಏರು ಬೆಳಗಿನಷ್ಟೇ ಕಷ್ಟವಾಯಿತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿ ನೋಡಿದ. ಪ್ರತಿ ಸಲವೂ ಅದು ಮಲೇರಿಯಾದವರಿಂದ ಶುರುವಾಗುತ್ತಿತ್ತು, ನಾಯಿಯಿಂದ ಶುರುವಾಗುತ್ತಿತ್ತು. ತನ್ನಿಂದ ಶುರುವಾಗಲು ಒಪ್ಪುತ್ತಿರಲಿಲ್ಲ. ಅಮ್ಮ ಎದೆ ಬಡಿದುಕೊಳ್ಳುತ್ತಾಳೆ, ಹೆಂಡತಿಯ ಸೆರಗು ಹಿಡಿದು ಬೆಳೆ ನುಂಗಿದವನು ಎಂದು ಊರು ಆಡಿಕೊಳ್ಳುತ್ತದೆ. ನಾಳೆ ಹೇಳಿದರೂ ಆಗುತ್ತದೆ ಎಂದು ಮನಸ್ಸು ಮೆಲ್ಲಗೆ ಸೂಚಿಸಿತು. ನಾಳೆ, ಇಲ್ಲವೇ ಹಬ್ಬ ಕಳೆದ ಮೇಲೆ.

ನೆತ್ತಿ ದಾಟಿ ಊರಿನ ಮೇಲಿನ ಕೊನೆಯ ಇಳಿಜಾರಿಗೆ ಬಂದಾಗ ಹೊತ್ತು ವಾಲಿತ್ತು. ಕೆಳಗೆ ಊರು ಸ್ಪಷ್ಟವಾಗಿ ಕಾಣುತ್ತಿತ್ತು. ಅವನ ಮನೆಯ ಮುಂದೆ, ಉಳಿದಿದ್ದ ಬಿಸಿಲ ಪಟ್ಟಿಯಲ್ಲಿ, ಕದಿರಮ್ಮ, ಅಮ್ಮಾಜಮ್ಮ, ಇನ್ನೂ ಐದಾರು ಮಂದಿ ಹೆಂಗಸರು ಸುತ್ತ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನೆರಳು ಎದುರು ಮನೆಯ ಸೂರಿನಿಂದ ಬೀದಿಗೆ ಇಳಿದು ಅವರ ಕಡೆಗೆ ಬರುತ್ತಿತ್ತು. ಅದು ಮುಟ್ಟಿದರೆ ಚಳಿಗೆ ಒಬ್ಬೊಬ್ಬರಾಗಿ ಎದ್ದು ಒಳಗೆ ಹೋಗುತ್ತಾರೆ. ಒಬ್ಬಳು ಆಗಲೇ ಎದ್ದು ಸೆರಗು ಕೊಡವಿಕೊಂಡಳು.

ಮುನಿಗಂಗಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ಕಲ್ಲುಗಳ ನಡುವೆ ಕಾಲು ಜಾರುವುದನ್ನೂ ಲೆಕ್ಕಿಸದೆ ಕೆಳಕ್ಕೆ ಓಡತೊಡಗಿದ.