ನೂರಕ್ಕೆ ಐವತ್ತೆರಡು

ಹದಿನೇಳು ಲಕ್ಷದ ಹನ್ನೆರಡು ಸಾವಿರದ ಮುನ್ನೂರ ನಾಲ್ಕು ಎಂದು ಬರೆದು ಅವನು ಕೆಳಗೆ ಎರಡು ಗೆರೆ ಎಳೆದ. ಇಬ್ಬರಿಗೆ ಎರಡೆರಡು ಇಸ್ಪೀಟಿನ ಎಲೆ ಹಂಚಿದ ಮೇಲೆ ನಡುವಿನ ಐದು ಎಲೆಗಳು ಅಷ್ಟು ಬಗೆಯಲ್ಲಿ ಬೀಳಬಹುದು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನಿಗೆ ಗೆರೆ ಎಳೆದರೆ ಅರ್ಧ ಬದುಕು ಹಿಡಿತಕ್ಕೆ ಬಂದಂತೆ.

ಒಳಕೋಣೆಯಲ್ಲಿ ಹೆಂಡತಿ ಸೂಟ್‌ಕೇಸಿನ ಜಿಪ್ ಎಳೆಯುತ್ತಿದ್ದಳು. ಹನ್ನೊಂದೂವರೆಯ ಬಸ್ಸಿಗೆ ಅಕ್ಕನ ಊರಿಗೆ ಹೊರಟವಳು ಈ ಸಲ ವಾಪಸು ಟಿಕೆಟು ತೆಗೆಸಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಹೇಳಿದ್ದಳು: “ಹೋಗ್ಬೇಡ ಅಂತ ಒಂದ್ಸಲ ಹೇಳಿ. ಹೋಗಲ್ಲ.”

ಯೋಚಿಸಿ ಹೇಳುತ್ತೇನೆಂದು ಅವನು ಕಾಗದ ತೆಗೆದುಕೊಂಡಿದ್ದ. ಆದರೆ ತಲೆಯಲ್ಲಿ ನಿನ್ನೆಯ ಪೋಕರ್ ಕೂತಿತ್ತು.

ನಿನ್ನೆ ಕ್ಲಬ್ಬಿನಲ್ಲಿ ಅವನಿಗೆ ಎರಡರ ಜೋಡಿ ಬಂದಿತ್ತು, ಇರುವ ಜೋಡಿಗಳಲ್ಲೆಲ್ಲ ಚಿಕ್ಕದು. ಎದುರಿಗಿದ್ದ ಹಲ್ಲಿನ ಡಾಕ್ಟರು ದುಡ್ಡಿನ ಬದಲು ಪಣಕ್ಕಿಡುವ ತಮ್ಮ ಬೆಂಕಿಕಡ್ಡಿಗಳನ್ನೆಲ್ಲ ಮುಂದಕ್ಕೆ ತಳ್ಳಿದರು. ಇವನು ಎಂದಿನಂತೆ ಎಲೆ ಬಿಸಾಡಿದ. ಡಾಕ್ಟರು ನಗುತ್ತ ಎಕ್ಕ, ರಾಜ ತೋರಿಸಿದರು; ನಡುವೆ ಇನ್ನೊಂದು ಎಕ್ಕವೋ ರಾಜನೋ ಬೀಳದಿದ್ದರೆ ಅದು ಜೋಡಿಯೂ ಅಲ್ಲ. ಗೀರದ ಬೆಂಕಿಕಡ್ಡಿಗೂ ಹೆದರುವ ಗಂಡಸು ಎಂದು ಅವನಿಗೂ ನಗು ಬಂದಿತ್ತು.

ಎಕ್ಕವಾಗಲಿ ರಾಜನಾಗಲಿ ಬಾರದ ಬಗೆಗಳು ಎಂಟೂವರೆ ಲಕ್ಷ. ಅಲ್ಲಿಗೆ ಸರಿಸುಮಾರು ಅರ್ಧ. ಬಂದರೂ, ಜೊತೆಗೆ ಇನ್ನೊಂದು ಎರಡರ ಎಲೆ ಬಿದ್ದರೆ...

“ಟ್ಯಾಕ್ಸಿ ಬಂತು,” ಎಂದಳು ಬಾಗಿಲಲ್ಲಿ ನಿಂತು.

“ಒಂದ್ನಿಮಿಷ.”

“ಏನು ಯೋಚಿಸಿದ್ರಿ?”

“ಎರಡೂ ಕಡೆ ನೋಡ್ಬೇಕಲ್ಲ.”

ಅವಳು ಹತ್ತಿರ ಬಂದು ಕಾಗದದ ಮೇಲಿನ ಎಕ್ಕ ರಾಜರನ್ನು ಓದಿದಳು. ಹೋಗಬೇಡ ಎಂಬ ಮಾತು ಅವನ ಗಂಟಲವರೆಗೆ ಬಂದಿತ್ತು. ಹೇಳಿದ ಮೇಲೂ ಹೊರಟುಬಿಟ್ಟರೆ? ಅವನಿಗೆ ನಿಜಕ್ಕೂ ಭಯವಾಯಿತು. ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕಿದ.

“ಬೀಗದ ಕೈ ಮೊಳೇಲಿದೆ,” ಎಂದು ಅವಳು ಹೊರಟಳು.

ಉತ್ತರ ಬಂದಾಗ ಹನ್ನೆರಡು ಗಂಟೆ. ಎರಡರ ಜೋಡಿಗೇ ಮೇಲುಗೈ, ನೂರಕ್ಕೆ ಐವತ್ತೆರಡು. ನಿನ್ನೆ ಬಿಸಾಡಬಾರದಿತ್ತು. ಹೇಳೋಣವೆಂದು ಒಳಕೋಣೆಯತ್ತ ತಿರುಗಿದ ಮೇಲೆ ಹೊಳೆಯಿತು: ಐದನೆಯ ಎಲೆ ಬೀಳುವವರೆಗೂ ಇಬ್ಬರೂ ಕೂತಿದ್ದರೆ ಮಾತ್ರ ಈ ಲೆಕ್ಕ ಸರಿ. ನಡುವೆ ಎದ್ದುಹೋಗುವವರನ್ನು ಅವನು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ತರಗತಿಯಲ್ಲಾದರೆ ಹುಡುಗರ ಅಂಕ ಕಳೆಯುತ್ತಿದ್ದ.

ಆದದ್ದಾಗಲಿ, ಆಡಿಯೇ ನೋಡೋಣವೆಂದು ಇಸ್ಪೀಟಿನ ಕಟ್ಟು ತಂದ. ಎರಡರ ಜೋಡಿ ತನ್ನ ಕಡೆಗೆ. ಎಕ್ಕ, ರಾಜ ಅವಳು ಅರ್ಧ ಕುಡಿದಿಟ್ಟ ಲೋಟದ ಪಕ್ಕಕ್ಕೆ. ನಡುವೆ ಐದು ಎಲೆ ಬೋರಲು ಹಾಕಿದ. ಅವಳ ಪರವಾಗಿ ಯಾರಾದರೂ ಆಡಬೇಕಲ್ಲ. ಎದ್ದು ಹೋಗಿ ಆ ಕಡೆಯ ಕುರ್ಚಿಯಲ್ಲಿ ಕೂತ.

ಅಲ್ಲಿಂದ ನೋಡಿದರೆ, ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ.